ಕಂಬ ಅಲುಗಿದರೆ ದೇಗುಲ ಅಳಿಯುವುದೆ?

ಮೈಸೂರು ನಗರದ ಆಗ್ನೇಯಕ್ಕೆ ತಲೆಯೆತ್ತಿ ನಿಂತಿರುವ ಚಾಮುಂಡಿ ಬೆಟ್ಟವನ್ನು ಅರಿಯದವರು ಕನ್ನಡನಾಡಿನಲ್ಲಿ ವಿರಳ. ಸಮುದ್ರಮಟ್ಟದಿಂದ ಸುಮಾರು 3,500 ಅಡಿ ಎತ್ತರವಿರುವ ಈ ಗಿರಿಗೆ ಹಿಂದೆ ಮಹಾಬಲಾದ್ರಿಯೆಂಬ ಹೆಸರಿದ್ದಿತು. ಶಿಖರದ ಮೇಲಿರುವ ಮಹಾಬಲೇಶ್ವರನ ಗುಡಿಯು ಚಾಮುಂಡೇಶ್ವರಿಯ ಗುಡಿಗಿಂತಲೂ ಪ್ರಾಚೀನವಾದುದು. 1659ರಿಂದ 1673ರವರೆಗೆ ರಾಜ್ಯವಾಳಿದ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಬೆಟ್ಟಕ್ಕೆ ಸುಮಾರು 1,000 ಮೆಟ್ಟಿಲುಗಳ ಸೋಪಾನವೂ, ಸುಮಾರು 700 ಮೆಟ್ಟಿಲುಗಳನ್ನೇರಿದ ಎಡೆಯಲ್ಲಿ ಏಕಶಿಲೆಯ ಮಹಾನಂದಿಯೂ ಸಿದ್ಧವಾದುವು. ಬೆಟ್ಟದ ತಪ್ಪಲಿನಲ್ಲಿ ಸುತ್ತೂರು ಶ್ರೀಮಠವು ಶರಣಧರ್ಮದ ನೆರಳನ್ನು ಹರಡಿಕೊಂಡು ನಿಂತಿದೆ. ನಸುಕಿನಲ್ಲಿ ಮೆಟ್ಟಿಲಿಗೆ ಅರಿಶಿನ ಕುಂಕುಮವಿಡುತ್ತ ಏರುವ ಭಕ್ತರು, ದೇಹದಾರ್ಢ್ಯಕ್ಕಾಗಿ ಏರುವ ತರುಣರು, ಮೊಮ್ಮಕ್ಕಳ ಕೈಹಿಡಿದು ಏರುವ ವೃದ್ಧರು, ಇವರೆಲ್ಲರಿಗೂ ಆ ಸೋಪಾನವು ನಿತ್ಯದ ನಂಟು.

ಇಂಥ ಮೈಸೂರಿನ ಒಂದು ಲಿಂಗವಂತ ಮನೆತನದ ಗೃಹಿಣಿಯನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳಬಹುದು. ವಯಸ್ಸು ಮೂವತ್ತೆರಡು. ಶಾಲೆಯಲ್ಲಿ ಉಪಾಧ್ಯಾಯಿನಿ. ಸೋಮವಾರಗಳಂದು ಲಿಂಗಪೂಜೆಯನ್ನು ಮುಗಿಸಿ, ಅತ್ತೆಯವರೊಡನೆ ನಂದಿಯವರೆಗಾದರೂ ಏರಿ ಬರುವುದು ಆಕೆಯ ವಾಡಿಕೆ. ಒಂದು ದಿನ ಆಕೆಯ ಒಂದು ಕಣ್ಣಿಗೆ ಮಂಜು ಕವಿಯಿತು. ಕೆಲವು ವಾರಗಳಲ್ಲಿ ಅದು ತಿಳಿಯಾಯಿತು. ವರ್ಷ ಕಳೆಯುವಷ್ಟರಲ್ಲಿ ಕಾಲುಗಳು ಮರಗಟ್ಟಿದುವು. ಅದೂ ಅರೆಬರೆ ಇಳಿಯಿತು. ಕಡೆಗೆ ನರರೋಗತಜ್ಞರು ಎಂ.ಆರ್.ಐ. ಚಿತ್ರಗಳನ್ನು ನೋಡಿ, ಇದು ‘ಮಲ್ಟಿಪಲ್ ಸ್ಕ್ಲೆರೋಸಿಸ್’ ಎಂದರು. ಮನೆಯವರಾರೂ ಆ ಹೆಸರನ್ನು ಕೇಳಿದ್ದವರಲ್ಲ. ಅಂದಿನಿಂದ ಬೆಟ್ಟದ ಮೆಟ್ಟಿಲು ಆಕೆಗೆ ಮೆಟ್ಟಿಲಾಗಿ ಉಳಿಯಲಿಲ್ಲ, ಪ್ರಶ್ನೆಯಾಗಿ ನಿಂತಿತು.

ಆ ಪ್ರಶ್ನೆಯ ತೀಕ್ಷ್ಣತೆಯನ್ನು ವಚನಗಳನ್ನು ಬಲ್ಲವರೇ ಹೆಚ್ಚಾಗಿ ಅರಿಯಬಲ್ಲರು. ಸಿರಿವಂತರು ಕಲ್ಲಿನ ಶಿವಾಲಯಗಳನ್ನು ಕಟ್ಟಿಸುತ್ತಿದ್ದ ಕಾಲದಲ್ಲಿ, ಬಡವನಾದ ತಾನು ತನ್ನ ಒಡಲನ್ನೇ ಗುಡಿಯಾಗಿಯೂ, ಕಾಲುಗಳನ್ನು ಅದರ ಕಂಬಗಳಾಗಿಯೂ, ಶಿರವನ್ನು ಹೊನ್ನಿನ ಕಳಸವಾಗಿಯೂ ಶಿವನಿಗೆ ಅರ್ಪಿಸುವೆನೆಂದು ಬಸವಣ್ಣನವರು ನುಡಿದರು. ನಿಂತು ಸ್ಥಾವರವಾದುದಕ್ಕೆ ನಾಶವುಂಟು, ಚಲಿಸುವ ಜಂಗಮಕ್ಕೆ ಇಲ್ಲವೆಂಬುದು ಆ ವಚನದ ನಿರ್ಣಯ. ಬಾಲ್ಯದಿಂದ ಇದನ್ನು ಹಾಡಿಕೊಂಡು ಬೆಳೆದವಳಿಗೆ ಕಾಲುಗಳೇ ನಡುಗಲಾರಂಭಿಸಿದಾಗ ಏನನ್ನಿಸಬೇಕು? ಕಂಬಗಳು ಅಲುಗಿದ ಮೇಲೆ ಗುಡಿಯ ಗತಿಯೇನು? ಚಲಿಸುವುದೇ ಉಳಿಯುವುದಾದರೆ, ಚಲಿಸಲಾರದವರ ಪಾಡೇನು? ಇದು ಕುತರ್ಕವಲ್ಲ; ನೊಂದ ಜೀವವು ಶರಣಧರ್ಮದ ಮುಂದೆ ಇಡುವ ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ದೊರೆಯದಿದ್ದರೆ ವಚನವು ಆರೋಗ್ಯವಂತರ ಹಾಡಾಗಿ ಮಾತ್ರ ಉಳಿದೀತು.

ಉತ್ತರಕ್ಕೆ ಮುನ್ನ ರೋಗದ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಅರಿಯದೆ ಹೇಳುವ ಸಾಂತ್ವನವು ಗಾಯಕ್ಕೆ ಉಪ್ಪಾಗುತ್ತದೆ. ಮನುಷ್ಯನ ಮೆದುಳು ಮತ್ತು ಬೆನ್ನುಹುರಿಗಳಲ್ಲಿರುವ ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆಯುಂಟು. ವಿದ್ಯುತ್ತಿನ ತಂತಿಗೆ ರಬ್ಬರಿನ ಹೊದಿಕೆಯಿರುವಂತೆ ಇದು. ದೇಹವನ್ನು ರಕ್ಷಿಸಬೇಕಾದ ರೋಗನಿರೋಧಕ ವ್ಯವಸ್ಥೆಯೇ ತಪ್ಪು ತಿಳಿದು ಈ ಹೊದಿಕೆಯ ಮೇಲೆ ದಾಳಿಯಿಡುತ್ತದೆ. ಹೊದಿಕೆ ಹರಿದೆಡೆಯಲ್ಲಿ ಸಂದೇಶಗಳು ನಿಧಾನವಾಗುತ್ತವೆ, ಇಲ್ಲವೆ ತಡೆಯುತ್ತವೆ. ಗಾಯ ಎಲ್ಲಿ ಬಿದ್ದಿತೋ ಅದಕ್ಕೆ ತಕ್ಕಂತೆ ಕಣ್ಣು ಮಂಜಾಗುವುದು, ಕೈಕಾಲು ಜೋಮುಹಿಡಿಯುವುದು, ನಡಿಗೆ ತಪ್ಪುವುದು, ಮೂತ್ರದ ಮೇಲಿನ ಹಿಡಿತ ಸಡಿಲುವುದು, ನೆನಪು ಮಾಸುವುದು ಸಂಭವಿಸುತ್ತವೆ. 1868ರಲ್ಲಿ ಪ್ಯಾರಿಸಿನ ವೈದ್ಯ ಶಾರ್ಕೋ ಇದನ್ನು ಪ್ರತ್ಯೇಕ ವ್ಯಾಧಿಯೆಂದು ಸ್ಪಷ್ಟವಾಗಿ ನಿರೂಪಿಸಿದನು. ಜಗತ್ತಿನಲ್ಲಿ ಇಂದು 28 ಲಕ್ಷಕ್ಕೂ ಹೆಚ್ಚು ಮಂದಿ ಇದರೊಡನೆ ಬಾಳುತ್ತಿದ್ದಾರೆ. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಇದು ತಲೆದೋರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಶೀತದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಇದು ವಿರಳ. ವಿರಳವಾದುದರಿಂದಲೇ ನೆರೆಹೊರೆಯವರಿಗೆ ಅರ್ಥವಾಗದು, ಗುರುತಿಸುವುದೂ ಕೆಲವೊಮ್ಮೆ ತಡವಾಗುತ್ತದೆ.

ಇದು ಅಂಟುರೋಗವಲ್ಲ. ತಂದೆತಾಯಿಗಳಿಂದ ನೇರವಾಗಿ ಇಳಿದುಬರುವ ರೋಗವೂ ಅಲ್ಲ. ರೋಗಿಯ ಮಕ್ಕಳಲ್ಲಿ ಬಹುಪಾಲಿನವರಿಗೆ ಇದು ಬರುವುದಿಲ್ಲ. ಬಹುಮಂದಿಯಲ್ಲಿ ಮೊದಲಿಗೆ ಇದು ಬಂದು ಹೋಗುವ ರೂಪದಲ್ಲಿರುತ್ತದೆ: ಕೆಲವು ದಿನ ಅಥವಾ ವಾರಗಳ ಕಾಲ ಉಲ್ಬಣ, ಆಮೇಲೆ ಪೂರ್ಣವಾಗಿಯೋ ಅಪೂರ್ಣವಾಗಿಯೋ ಶಮನ. ಬೇರುಸಹಿತ ಕೀಳುವ ಔಷಧ ಇನ್ನೂ ದೊರೆತಿಲ್ಲವಾದರೂ, 1993ರಿಂದ ಈಚೆಗೆ ಉಲ್ಬಣಗಳನ್ನು ಕಡಿಮೆಮಾಡುವ ಔಷಧಗಳು ಒಂದಾದ ಮೇಲೊಂದರಂತೆ ಬಂದಿವೆ. ಚಿಕಿತ್ಸೆ ಬೇಗ ಆರಂಭವಾದಷ್ಟೂ ಹಿತ ಹೆಚ್ಚು.

ದೇಹದ ಕಥೆ ಇಷ್ಟು. ಮನಸ್ಸಿನ ಕಥೆ ಇದಕ್ಕಿಂತ ಗಹನ. ಕಾಲು ಮುರಿದವನಿಗೆ ತನ್ನ ನಷ್ಟವೆಷ್ಟೆಂಬುದು ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಅವನು ಒಮ್ಮೆ ಅಳುತ್ತಾನೆ, ಬಳಿಕ ಊರುಗೋಲನ್ನು ಹಿಡಿಯುತ್ತಾನೆ. ಈ ರೋಗದಲ್ಲಿ ನಷ್ಟದ ಲೆಕ್ಕ ಮುಗಿಯುವುದೇ ಇಲ್ಲ. ಇಂದು ನಡೆದವಳು ನಾಳೆ ನಡೆಯುವಳೋ ಇಲ್ಲವೋ ವೈದ್ಯನೂ ಹೇಳಲಾರ. ಒಂದು ಉಲ್ಬಣಕ್ಕೆ ಮನಸ್ಸು ಹೊಂದಿಕೊಳ್ಳುವಷ್ಟರಲ್ಲಿ ಮತ್ತೊಂದು ಬರಬಹುದು; ಹತ್ತು ವರ್ಷ ಬಾರದೆಯೂ ಇರಬಹುದು. ಆದುದರಿಂದ ಒಮ್ಮೆ ಸಮಾಧಾನಗೊಂಡ ಮನಸ್ಸು ಮತ್ತೆ ಕದಡಿದರೆ ಅದು ಆಕೆಯ ದೌರ್ಬಲ್ಯವಲ್ಲ. ರೋಗದ ಗತಿಯೇ ಹಾಗೆ. ಮೊದಲು ‘ಇದು ನನಗಲ್ಲ’ ಎಂಬ ನಿರಾಕರಣೆ, ಆಮೇಲೆ ‘ನನಗೇ ಏಕೆ’ ಎಂಬ ಕೋಪ, ‘ನನ್ನಿಂದ ಮನೆಗೆ ಹೊರೆ’ ಎಂಬ ಸಂಕೋಚ. ಇವು ಒಂದರ ಹಿಂದೊಂದು ಸಾಲಾಗಿ ಬಂದು ಮುಗಿಯುವುದಿಲ್ಲ. ಅಲೆಗಳಂತೆ ಹೋಗಿ ಮರಳುತ್ತವೆ.

ಭಕ್ತಸಮುದಾಯವು ಮುಖ್ಯವಾಗಿ ತಿಳಿಯಬೇಕಾದ ಇನ್ನೊಂದು ವಿಷಯವುಂಟು. ಈ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಬಾಳಿನ ಯಾವುದಾದರೊಂದು ಘಟ್ಟದಲ್ಲಿ ಗಾಢವಾದ ಖಿನ್ನತೆಗೆ ಗುರಿಯಾಗುತ್ತಾರೆ. ಇದು ದುಃಖದಿಂದ ಮಾತ್ರ ಬರುವುದಲ್ಲ. ಮೆದುಳಿನಲ್ಲಿ ಬಿದ್ದ ಗಾಯವೇ ಭಾವನೆಯನ್ನು ಕೆಡಿಸಬಲ್ಲುದು. ಕಣ್ಣು ಮಂಜಾಗುವುದು ಹೇಗೆ ರೋಗಲಕ್ಷಣವೋ ಮನಸ್ಸು ಮಂಕಾಗುವುದೂ ಹಾಗೆಯೇ. ಕಣ್ಣು ಕಾಣದವಳಿಗೆ ‘ನಿನ್ನ ಭಕ್ತಿ ಸಾಲದು’ ಎಂದು ಯಾರೂ ಹೇಳುವುದಿಲ್ಲ. ಹಾಗಿದ್ದ ಮೇಲೆ ಮನಸ್ಸು ಕುಸಿದವಳಿಗೆ ‘ಶಿವಧ್ಯಾನ ಮಾಡಿದ್ದರೆ ಹೀಗಾಗುತ್ತಿರಲಿಲ್ಲ’ ಎನ್ನುವುದು ಯಾವ ಧರ್ಮ? ಖಿನ್ನತೆಗೆ ಔಷಧವುಂಟು, ಮನೋವೈದ್ಯರ ಆಪ್ತಸಮಾಲೋಚನೆಯುಂಟು. ಅವನ್ನು ಪಡೆಯುವುದು ಭಕ್ತಿಗೆ ಕುಂದಲ್ಲ. ಬದುಕೇ ಬೇಡವೆಂಬ ಮಾತು ರೋಗಿಯ ಬಾಯಿಂದ ಬಂದರೆ ಅದನ್ನು ನೆವವೆಂದು ತಳ್ಳಿಹಾಕದೆ, ಅಂದೇ ವೈದ್ಯರ ಬಳಿಗೆ ಕರೆದೊಯ್ಯುವುದು ಬಂಧುಗಳ ಧರ್ಮ.

ಶರಣರ ನಡುವೆ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ರೋಗಿಗಳ ಶುಶ್ರೂಷೆಯೇ ಆತನ ಕಾಯಕ. ನಾಡಿ, ಔಷಧ, ಪಥ್ಯಗಳ ಭಾಷೆಯಲ್ಲಿಯೇ ಆತನು ಅನುಭಾವವನ್ನು ನುಡಿದನು. ನೇಗಿಲು, ಮಗ್ಗ, ಹುಟ್ಟುಗಳಿಗೆ ಕಲ್ಯಾಣದಲ್ಲಿ ಯಾವ ಸ್ಥಾನವಿತ್ತೋ ಔಷಧದ ಚೀಲಕ್ಕೂ ಅದೇ ಸ್ಥಾನವಿದ್ದಿತೆಂಬುದಕ್ಕೆ ಆತನೇ ಸಾಕ್ಷಿ. ಆದುದರಿಂದ ಆಸ್ಪತ್ರೆಯ ಬಾಗಿಲನ್ನು ತಟ್ಟುವವನು ಶಿವನ ಬಾಗಿಲನ್ನು ಬಿಟ್ಟುಹೋದವನಲ್ಲ. ಪೂಜೆಯಿಂದಲೇ ಈ ರೋಗ ಗುಣವಾಗುವುದೆಂದು ಹೇಳಿ ಔಷಧವನ್ನು ಬಿಡಿಸುವವರ ಮಾತಿಗೆ ಕಿವಿಗೊಡಲಾಗದು. ಪೂಜೆಯು ಮನಸ್ಸಿಗೆ ನೆಲೆಯನ್ನು ಕೊಡುತ್ತದೆ. ನರದ ಹೊದಿಕೆಯನ್ನು ಹೊಲಿದುಕೊಡುತ್ತದೆಂದು ಶರಣರು ಯಾರಿಗೂ ಮಾತುಕೊಟ್ಟಿಲ್ಲ.

ಇನ್ನು ‘ಕರ್ಮ’ದ ಮಾತು. ಮನೆಗೆ ಕಾಯಿಲೆ ಬಂದೊಡನೆ ಜಾತಕವನ್ನು ತೆರೆಯುವವರೂ, ಸೊಸೆಯ ಕಾಲ್ಗುಣವನ್ನು ಹಳಿಯುವವರೂ, ಹಿಂದಿನ ಜನ್ಮದ ಪಾಪವೆಂದು ನಿಟ್ಟುಸಿರಿಡುವವರೂ ಲಿಂಗವಂತರಲ್ಲಿಯೂ ಇಲ್ಲದಿಲ್ಲ. ತಿಥಿ, ವಾರ, ನಕ್ಷತ್ರಗಳ ಭಯವನ್ನು ಕಿತ್ತೆಸೆದ ಬಸವಾದಿ ಪ್ರಮಥರ ಪರಂಪರೆಗೆ ಇದು ತಕ್ಕುದಲ್ಲ. ಶಾಸ್ತ್ರಜ್ಞರು ಈ ರೋಗದ ಮೂಲವನ್ನು ಬೇರೆಡೆಯಲ್ಲಿ ಅರಸುತ್ತಿದ್ದಾರೆ. ಅಮೆರಿಕದ ಸೈನ್ಯದಲ್ಲಿದ್ದ ಒಂದು ಕೋಟಿಗೂ ಹೆಚ್ಚು ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎಪ್‌ಸ್ಟೀನ್–ಬಾರ್ ಎಂಬ ವೈರಾಣುವಿನ ಸೋಂಕಾದ ಮೇಲೆ ಈ ರೋಗದ ಸಂಭವವು ಸುಮಾರು 32 ಪಟ್ಟು ಏರುವುದೆಂದು ತೋರಿಸಿತು. ಆ ವೈರಾಣುವಾದರೋ ಲೋಕದ ಬಹುತೇಕ ಎಲ್ಲರ ಮೈಯಲ್ಲಿಯೂ ಒಮ್ಮೆ ಹೊಕ್ಕು ನೆಲೆಸುವಂಥದು. ಅವರಲ್ಲಿ ತೀರ ಕೆಲವರಿಗೆ ಮಾತ್ರ ಈ ರೋಗ ಬರುತ್ತದೆ. ವಂಶದ ಗುಣ, ಬಿಸಿಲಿನ ಅಭಾವ, ಧೂಮಪಾನ ಮುಂತಾದ ಇತರ ಅಂಶಗಳೂ ಸೇರಿಕೊಳ್ಳುತ್ತವೆ. ಹೀಗೆ ಹಲವು ಎಳೆಗಳು ಸೇರಿ ಹೆಣೆದ ಬಲೆಯಲ್ಲಿ ಸಿಕ್ಕಿದವಳ ತಲೆಯ ಮೇಲೆ ಪಾಪದ ಗಂಟನ್ನೂ ಹೊರಿಸುವುದು ದಯೆಯೂ ಅಲ್ಲ, ವಿವೇಕವೂ ಅಲ್ಲ. ದಯೆಯನ್ನೇ ಧರ್ಮದ ಬೇರೆಂದು ಬಸವಣ್ಣನವರು ಸಾರಿರುವಾಗ, ದಯೆಯಿಲ್ಲದ ಸಾಂತ್ವನವು ಧರ್ಮವಾಗುವುದೆಂತು?

ಇಷ್ಟನ್ನು ತಿಳಿದ ಮೇಲೆ ಮೊದಲಿನ ಪ್ರಶ್ನೆಗೆ ಹಿಂದಿರುಗಬಹುದು. ಕಂಬ ಅಲುಗಿದರೆ ದೇಗುಲ ಅಳಿಯುವುದೆ?

ಬಸವಣ್ಣನವರು ಕಾಲನ್ನು ಕಂಬವೆಂದರು. ಆದರೆ ಕಾಲನ್ನೇ ಜಂಗಮವೆಂದು ಹೇಳಲಿಲ್ಲ. ಈ ಭೇದವನ್ನು ಗಮನಿಸಬೇಕು. ಕಂಬವೂ, ಗೋಡೆಯೂ, ಕಳಸವೂ ಕಟ್ಟಡದ ಅಂಗಗಳು. ಕಟ್ಟಡವಾದುದೆಲ್ಲ, ಅದು ಕಲ್ಲಿನದಾಗಲಿ ಎಲುಬಿನದಾಗಲಿ, ಕಾಲನ ಕೈಗೆ ಸಿಕ್ಕಿ ಸವೆಯತಕ್ಕುದೇ. ಸವೆಯದೆ ಚಲಿಸುತ್ತಿರುವುದು ಒಳಗಿನ ಅರಿವು. ನಡೆಯುವ ಕಾಲುಳ್ಳವನೂ ನಿನ್ನೆಯ ಅಭಿಮಾನದಲ್ಲಿಯೇ ಬೇರೂರಿ ನಿಂತರೆ ಅವನು ಸ್ಥಾವರ. ಹಾಸಿಗೆ ಹಿಡಿದವಳೂ ಇಂದಿನ ಸ್ಥಿತಿಯನ್ನು ನೋಡಿ, ಒಪ್ಪಿ, ಅದರೊಳಗೆ ಹೊಸ ದಾರಿಯನ್ನು ಹುಡುಕಿದರೆ ಆಕೆ ಜಂಗಮ. ‘ಮೊದಲಿನಂತೆ ಆಗಲೇಬೇಕು, ಇಲ್ಲವಾದರೆ ಬಾಳೇ ಇಲ್ಲ’ ಎಂಬ ಹಟವು ಸ್ಥಾವರದ ಲಕ್ಷಣ, ಅದು ಒಡೆಯುತ್ತದೆ. ‘ಇಂದು ಇಷ್ಟುಂಟು, ಇಷ್ಟರಲ್ಲಿ ಏನು ಮಾಡಲಿ’ ಎಂಬ ನಿಲವು ಜಂಗಮದ ಲಕ್ಷಣ. ಅದು ಬಾಗುತ್ತದೆ, ಒಡೆಯುವುದಿಲ್ಲ. ಮನೋವಿಜ್ಞಾನಿಗಳು ‘ಹೊಂದಾಣಿಕೆ’ಯೆಂದು ಕರೆಯುವುದನ್ನು ಶರಣರ ಮಾತಿನಲ್ಲಿ ಹೇಳಬೇಕಾದರೆ ಅದು ಮನಸ್ಸಿನ ಜಂಗಮತ್ವ.

ಹೊಂದಾಣಿಕೆಯೆಂದರೆ ಸೋಲಲ್ಲ. ಸೋಲೊಪ್ಪಿದವನು ಔಷಧವನ್ನು ಬಿಡುತ್ತಾನೆ, ವ್ಯಾಯಾಮವನ್ನು ಬಿಡುತ್ತಾನೆ, ಜನರ ಸಂಗವನ್ನು ಬಿಡುತ್ತಾನೆ. ಹೊಂದಿಕೊಂಡವನು ಬದಲಾದ ಒಡಲಿಗೆ ತಕ್ಕ ಹೊಸ ಕ್ರಮವನ್ನು ಕಲಿಯುತ್ತಾನೆ. ಹಿಂದೆ ವೈದ್ಯರು ಈ ರೋಗಿಗಳಿಗೆ ಪೂರ್ಣ ವಿಶ್ರಾಂತಿಯನ್ನೇ ವಿಧಿಸುತ್ತಿದ್ದ ಕಾಲವಿತ್ತು. ಶಕ್ತಿಗೆ ತಕ್ಕ ವ್ಯಾಯಾಮವು ದೇಹಕ್ಕೂ ಮನಸ್ಸಿಗೂ ಹಿತವೆಂದು ಈಗ ತಿಳಿದುಬಂದಿದೆ. ಇನ್ನು, ಮೈ ಬಿಸಿಯೇರಿದಾಗ ರೋಗಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುವುದುಂಟು. 1890ರಲ್ಲಿ ಜರ್ಮನಿಯ ವೈದ್ಯ ಊಟಾಫ್ ಇದನ್ನು ಗುರುತಿಸಿದನು. ಚೈತ್ರ ವೈಶಾಖಗಳ ಬಿಸಿಲಿನಲ್ಲಿ, ಕುದಿಯುವ ನೀರಿನ ಅಭ್ಯಂಗದ ಬಳಿಕ ಕಾಲು ಸೋತರೆ ಗಾಬರಿಬೇಡ. ಮೈ ತಣಿದಂತೆ ಅದು ಇಳಿಯುತ್ತದೆ. ಉಗುರುಬೆಚ್ಚನೆಯ ನೀರು, ತಂಪುಹೊತ್ತಿನ ನಡಿಗೆ, ನೆರಳಿನ ಕೆಲಸ, ಇವು ಸಣ್ಣ ಮಾರ್ಪಾಟುಗಳು. ಆದರೆ ಇಂಥ ಸಣ್ಣ ಮಾರ್ಪಾಟುಗಳಿಂದಲೇ ಭಯವು ಕರಗಿ ಅರಿವು ಬೆಳೆಯುತ್ತದೆ.

ಇಲ್ಲಿ ಮತ್ತೊಂದು ವಚನದ ವಿಷಯದಲ್ಲಿ ಎಚ್ಚರಿಕೆ ಹೇಳುವುದು ಯುಕ್ತ. ತಾನು ಅತ್ತಿತ್ತ ಅಲೆಯದಿರಲು ತನ್ನನ್ನು ಹೆಳವನನ್ನಾಗಿಯೂ, ಬೇರೆಯದನ್ನು ನೋಡದಿರಲು ಕುರುಡನನ್ನಾಗಿಯೂ, ಬೇರೆಯದನ್ನು ಕೇಳದಿರಲು ಕಿವುಡನನ್ನಾಗಿಯೂ ಮಾಡೆಂದು ಬಸವಣ್ಣನವರು ಕೂಡಲಸಂಗಮದೇವನನ್ನು ಬೇಡಿರುವರು. ರೋಗಿಯ ಮಂಚದ ಬಳಿ ಕುಳಿತು ಈ ವಚನವನ್ನು ಎತ್ತಿಹೇಳಿ, ‘ಬಸವಣ್ಣನವರು ಬೇಡಿಕೊಂಡ ಭಾಗ್ಯ ನಿನಗೆ ಬೇಡದೆಯೇ ಬಂದಿದೆ’ ಎನ್ನುವ ಸಮಾಧಾನಿಗಳುಂಟು. ಅವರು ವಚನದ ಅಕ್ಷರವನ್ನು ಬಲ್ಲರು, ಹೃದಯವನ್ನು ಅರಿಯರು. ಅಲ್ಲಿ ಬೇಡಿದುದು ಇಂದ್ರಿಯಗಳ ಚಾಪಲ್ಯಕ್ಕೆ ಕಡಿವಾಣವನ್ನು, ಅಂಗಗಳ ನಾಶವನ್ನಲ್ಲ. ತನ್ನ ಬಾಯಿಂದ ತಾನೇ ಬೇಡಿಕೊಳ್ಳುವ ಪ್ರಾರ್ಥನೆ ಬೇರೆ. ಇನ್ನೊಬ್ಬರ ನೋವಿಗೆ ಹಚ್ಚುವ ವ್ಯಾಖ್ಯಾನ ಬೇರೆ. ರೋಗವನ್ನು ಭಾಗ್ಯವೆಂದು ಕರೆಯುವ ಅಧಿಕಾರವಿದ್ದರೆ ಅದು ರೋಗಿಗೆ ಮಾತ್ರ. ಆಕೆ ಅದನ್ನು ದುಃಖವೆಂದರೆ ದುಃಖವೆಂದೇ ಕೇಳುವವನು ನಿಜವಾದ ಶರಣಬಂಧು.

ಮುಂದಿನದು ಕಾಯಕದ ಪ್ರಶ್ನೆ. ಕಾಯಕವನ್ನೇ ಕೈಲಾಸಕ್ಕೆ ಸಮನೆಂದು ಸಾರುವ ಧರ್ಮದಲ್ಲಿ, ಕೈಕಾಲು ಸೋತವರು ಕೈಲಾಸದಿಂದ ಹೊರಗಾದರೆ? ಅನೇಕ ರೋಗಿಗಳನ್ನು ಒಳಗೊಳಗೇ ಕೊರೆಯುವ ಕೀಟವಿದು. ಈ ರೋಗದ ಅತಿ ಸಾಮಾನ್ಯ ಲಕ್ಷಣ ದಣಿವು. ದುಡಿದು ಬರುವ ದಣಿವಲ್ಲ, ನಿದ್ರೆಯಿಂದ ಪೂರ್ಣವಾಗಿ ನೀಗುವ ದಣಿವೂ ಅಲ್ಲ. ಬೆಳಗಿನಲ್ಲಿಯೇ ದೀಪದ ಎಣ್ಣೆ ಮುಗಿದಂತಾಗುವ ದಣಿವು. ಹೊರಗಿನಿಂದ ನೋಡುವವರಿಗೆ ಅದು ಕಾಣುವುದಿಲ್ಲ. ಮುಖದಲ್ಲಿ ಕಳೆಯಿದೆ, ಮಾತಿನಲ್ಲಿ ನಗೆಯಿದೆ. ‘ನೋಡಲು ಚೆನ್ನಾಗಿಯೇ ಇದ್ದಾಳೆ, ಕೆಲಸಕ್ಕೆ ಮಾತ್ರ ಬಗ್ಗಳು’ ಎಂಬ ಮಾತು ಅಡಿಗೆಮನೆಯಿಂದ ತೇಲಿಬರುತ್ತದೆ. ಆ ಮಾತಿನ ಪೆಟ್ಟು ರೋಗದ ಪೆಟ್ಟಿಗಿಂತ ಆಳಕ್ಕಿಳಿಯುತ್ತದೆ.

ಇದಕ್ಕೆ ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲಿ ಮದ್ದುಂಟು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳು ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಹಿಗ್ಗಲಿಲ್ಲ; ಈ ದಿನಕ್ಕೆ ಬೇಕಾದುದಕ್ಕಿಂತ ಮಿಗಿಲಾದುದು ನಮಗೆ ಸಲ್ಲದೆಂದು ತಿಳಿಸಿ, ಹೆಚ್ಚಿನದನ್ನು ಇದ್ದೆಡೆಗೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಕಾಯಕದ ಬೆಲೆಯು ರಾಶಿಯಲ್ಲಿಲ್ಲ, ಅಳತೆಯ ಶುದ್ಧಿಯಲ್ಲಿದೆಯೆಂಬುದು ಆ ತಾಯಿ ಕಲಿಸಿದ ಪಾಠ. ದಣಿವಿನೊಡನೆ ಬಾಳುವವರು ಪ್ರತಿದಿನ ಬೆಳಿಗ್ಗೆ ಲಕ್ಕಮ್ಮನಾಗಬೇಕಾಗುತ್ತದೆ. ಇಂದಿನ ಶಕ್ತಿ ಇಷ್ಟು ಹಿಡಿ. ಅದರಲ್ಲಿ ಒಂದು ಹಿಡಿ ಪೂಜೆಗೆ, ಒಂದು ಹಿಡಿ ಮಕ್ಕಳಿಗೆ, ಒಂದು ಹಿಡಿ ಕೆಲಸಕ್ಕೆ, ಒಂದು ಹಿಡಿ ನಡುವಣ ವಿಶ್ರಾಂತಿಗೆ. ಚೆನ್ನಾಗಿದೆಯೆನಿಸಿದ ದಿನ ಎರಡು ದಿನದ ಕೆಲಸವನ್ನು ಒಟ್ಟಿಗೆ ಮಾಡಿಮುಗಿಸುವ ಆಸೆ ಹುಟ್ಟುತ್ತದೆ, ಮರುದಿನ ಮೇಲೇಳಲಾಗದು. ಅಂಥ ದಿನದಲ್ಲಿ ಮಿಗಿಲಾದುದನ್ನು ಬಿಟ್ಟುಬರುವುದೇ ವ್ರತ. ವೈದ್ಯರೂ ಹೀಗೆ ಶಕ್ತಿಯನ್ನು ಅಳೆದು ಹಂಚಿಕೊಳ್ಳುವ ಕ್ರಮವನ್ನೇ ಬೋಧಿಸುತ್ತಾರೆ. ನಿಂತು ಪಾಠ ಹೇಳಲಾರದವಳು ಕುಳಿತು ಹೇಳಬಹುದು. ಐದು ತರಗತಿಗಳ ಬದಲು ಎರಡನ್ನು ತೆಗೆದುಕೊಳ್ಳಬಹುದು. ಹಿಡಿ ಚಿಕ್ಕದಾದ ಮಾತ್ರಕ್ಕೆ ಕಾಯಕವು ಚಿಕ್ಕದಾಗುವುದಿಲ್ಲ.

ಕಾಯಕಕ್ಕಿಂತಲೂ ಕಠಿನವಾದುದು ನೆರವನ್ನು ಸ್ವೀಕರಿಸುವ ವಿದ್ಯೆ. ಹತ್ತು ಜನಕ್ಕೆ ಬಡಿಸಿ ಉಂಡ ಕೈ ಇನ್ನೊಬ್ಬರು ಕಲಸಿಟ್ಟ ತುತ್ತಿಗೆ ಚಾಚಬೇಕಾದಾಗ ಅಭಿಮಾನವು ಹೆಡೆಯೆತ್ತುತ್ತದೆ. ದಾಸೋಹದಲ್ಲಿ ಎರಡು ಕೈಗಳಿವೆಯೆಂಬುದನ್ನು ಆಗ ನೆನೆಯಬೇಕು. ನೀಡುವ ಕೈಯೊಂದರಿಂದಲೇ ದಾಸೋಹವಾಗುವುದಿಲ್ಲ. ಪಡೆಯುವ ಕೈ ಇಲ್ಲದಿದ್ದರೆ ನೀಡುವವನ ಸೇವೆ ನೆಲಕ್ಕೆ ಬೀಳುತ್ತದೆ. ಸಂಕೋಚವಿಲ್ಲದೆ, ದೈನ್ಯವಿಲ್ಲದೆ ಪಡೆಯುವವನು ನೀಡುವವನಿಗೆ ಉಪಕಾರವನ್ನೇ ಮಾಡುತ್ತಾನೆ. ಬಂದುದನ್ನು ಪ್ರಸಾದವೆಂದು ಕೊಳ್ಳುವ ಪ್ರಸಾದಿಸ್ಥಲದ ಭಾವವು ಕೈಹಿಡಿದು ನಡೆಸುವ ಮಗನ ಭುಜಕ್ಕೂ, ಊರುಗೋಲಿಗೂ, ಗಾಲಿಕುರ್ಚಿಗೂ ಅನ್ವಯಿಸತಕ್ಕುದು. ಗಾಲಿಕುರ್ಚಿಯನ್ನು ಕಂಡು ನಾಚುವುದಾದರೆ ಕನ್ನಡಕವನ್ನು ಕಂಡೂ ನಾಚಬೇಕಾಗುತ್ತದೆ.

ಪೂಜೆಯ ವಿಷಯದಲ್ಲಿಯೂ ಹಲವರಿಗೆ ಅಳುಕುಂಟು. ಕೈ ನಡುಗಿದರೆ ಕರಸ್ಥಲದ ಲಿಂಗವನ್ನು ಹಿಡಿಯುವುದೆಂತು? ದೃಷ್ಟಿ ಮಂಜಾದರೆ ನೋಟವನ್ನು ನಿಲ್ಲಿಸುವುದೆಂತು? ಪದ್ಮಾಸನ ಹಾಕಲಾಗದಿದ್ದರೆ? ಇಷ್ಟಲಿಂಗವನ್ನು ಗುರುವು ಭಕ್ತನ ಮೈಮೇಲೆಯೇ ನೆಲೆಗೊಳಿಸಿರುವುದರ ಔದಾರ್ಯವನ್ನು ಇಲ್ಲಿ ಸ್ಮರಿಸಬೇಕು. ಭಕ್ತನು ದೇವರಿರುವಲ್ಲಿಗೆ ಏರಿಹೋಗಬೇಕಾಗಿಲ್ಲ. ದೇವರೇ ಭಕ್ತನ ಎದೆಯವರೆಗೆ ಇಳಿದುಬಂದಿದ್ದಾನೆ. ಕುರ್ಚಿಯಲ್ಲಿ ಕುಳಿತು, ಎಡಗೈಯ ಕೆಳಗೆ ದಿಂಬನ್ನಿಟ್ಟುಕೊಂಡು, ಅಗತ್ಯವಾದರೆ ಮನೆಯವರೊಬ್ಬರು ಮೊಣಕೈಗೆ ಆಸರೆಯಾಗಿ ಮಾಡಿದ ಪೂಜೆಯಲ್ಲಿ ಕೊರತೆಯೇನು? ಕಣ್ಣು ಸೋತ ದಿನ ಸ್ಪರ್ಶವೇ ನೋಟವಾಗಲಿ. ನಾಲಗೆ ತೊಡರಿದ ದಿನ ಷಡಕ್ಷರಿಯು ಉಸಿರಿನಲ್ಲಿಯೇ ನಡೆಯಲಿ. ಸಂದೇಹವಿದ್ದವರು ತಮ್ಮ ಗುರುಗಳನ್ನು ಕೇಳಿ ಮನಸ್ಸನ್ನು ಹಗುರಮಾಡಿಕೊಳ್ಳುವುದು ಲೇಸು.

ಗೃಹಸ್ಥರ ಕರ್ತವ್ಯವೂ ಇಲ್ಲಿ ಹಿರಿದು. ಪತಿಯು ಪತ್ನಿಯೊಡನೆ ಒಮ್ಮೆಯಾದರೂ ವೈದ್ಯರ ಬಳಿಗೆ ಹೋಗಿ ರೋಗವನ್ನು ತಾನೂ ಕೇಳಿ ತಿಳಿಯಲಿ. ಕೇಳಿ ತಿಳಿದವನು ‘ಸೋಮಾರಿತನ’ವೆಂಬ ಮಾತನ್ನು ಆಡಲಾರ. ಮಕ್ಕಳಿಂದ ಮುಚ್ಚಿಡುವುದು ಬೇಡ. ಅವರ ವಯಸ್ಸಿಗೆ ತಕ್ಕಂತೆ ತಿಳಿಸಿದರೆ ಅವರ ಊಹೆಯ ಭಯ ಇಳಿಯುತ್ತದೆ. ಶುಶ್ರೂಷೆ ಮಾಡುವವರೂ ದಣಿಯುತ್ತಾರೆ, ಅವರಿಗೂ ಬಿಡುವು ಬೇಕು. ಸರದಿಯ ಮೇಲೆ ಹೊರುವ ಪಲ್ಲಕ್ಕಿ ದೂರ ಸಾಗುತ್ತದೆ. ಈ ರೋಗವುಳ್ಳವರಿಗಾಗಿ 1985ರಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ ಎಂಬ ಸಂಸ್ಥೆ ದುಡಿಯುತ್ತಿದೆ. ಬೆಂಗಳೂರಿನಲ್ಲಿ ಅದರ ಶಾಖೆಯುಂಟು. ತನ್ನಂತೆಯೇ ನೊಂದವರೊಡನೆ ಆಡುವ ಒಂದು ಗಳಿಗೆಯ ಮಾತು ಅನುಭವಮಂಟಪದ ಗೋಷ್ಠಿಯಂತೆ ಕಣ್ತೆರೆಸಬಲ್ಲುದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಹೆಸರಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಈ ರೋಗವೂ ಒಂದು. ಕಾಯಿದೆಯು ನಿಗದಿಪಡಿಸಿದ ಪ್ರಮಾಣದ ವೈಕಲ್ಯವಿರುವುದೆಂದು ವೈದ್ಯಾಧಿಕಾರಿಗಳು ದೃಢೀಕರಿಸಿದವರು ಅದರ ಸೌಲಭ್ಯಗಳನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಆ ಗೃಹಿಣಿಯ ಕಥೆಯನ್ನು ಹೀಗೆ ಮುಗಿಸಿಕೊಳ್ಳಬಹುದು. ವರ್ಷವೊಂದು ಕಳೆದ ಮೇಲೆ, ಕಾರ್ತಿಕದ ಒಂದು ತಂಪಾದ ಮುಂಜಾನೆ, ಅತ್ತೆಯವರು ಆಕೆಯನ್ನು ಗಾಡಿಯಲ್ಲಿ ನಂದಿಯ ಬಳಿಗೆ ಕರೆತಂದರು. ರಸ್ತೆ ಅಲ್ಲಿಯವರೆಗೂ ಉಂಟಷ್ಟೆ. ಸುಮಾರು 16 ಅಡಿ ಎತ್ತರ, 25 ಅಡಿ ಉದ್ದದ ಆ ಕರಿಯ ಮೂರ್ತಿ ಗಂಟೆಸರಗಳನ್ನು ಧರಿಸಿ ಪ್ರಶಾಂತವಾಗಿ ಮಲಗಿದೆ. ಮೇಲೆ ಇನ್ನೂ ಸುಮಾರು 300 ಮೆಟ್ಟಿಲುಗಳು. ಸೊಸೆ ಅವನ್ನು ನೋಡಿ ಕಣ್ಣೀರು ತಂದಳು.

“ಮೇಲಕ್ಕೆ ನನ್ನ ಕೈಲಾಗೋದಿಲ್ಲ, ಅತ್ತೆ.”

“ಇಲ್ಲೇ ಕೂತ್ಕೊ ಕಣವ್ವ. ನಂದಿನೂ ಇಲ್ಲೇ ಕೂತಿದಾನಲ್ಲ. ಅವನು ಮೇಲಕ್ಕೆ ಹೋಗಿಲ್ಲ ಅಂತ ಯಾರಾದರೂ ಅವನ್ನ ಶಿವನಿಗೆ ದೂರ ಅಂದಿದಾರಾ?”

ಸೊಸೆ ಅಳುವನ್ನು ಹತ್ತಿಕ್ಕಲಿಲ್ಲ, ಅತ್ತೆಯೂ ಅಳಬೇಡವೆನ್ನಲಿಲ್ಲ. ಇಬ್ಬರೂ ಕಟ್ಟೆಯ ಮೇಲೆ ಕುಳಿತರು. ಕೆಳಗೆ ಮೈಸೂರಿನ ಮನೆಗಳ ಮೇಲೆ ಬಿಸಿಲು ಮೆಲ್ಲನೆ ಹರಡಿತು.

ಆ ಅತ್ತೆಯು ಶಾಸ್ತ್ರವನ್ನೋದಿದವಳಲ್ಲ. ಆದರೆ ಆಕೆಯ ಮಾತಿನಲ್ಲಿ ಶರಣಧರ್ಮದ ಸಾರವಿದೆ. ನಂದಿಯು ಬೆಟ್ಟದ ಭುಜದಲ್ಲಿ ಮೂರುವರೆ ಶತಮಾನಗಳಿಂದ ಕುಳಿತಿದ್ದಾನೆ. ಏರುವವರು ಅವನ ಬಳಿ ನಿಂತು ಉಸಿರು ತಿರುಗಿಸಿಕೊಳ್ಳುತ್ತಾರೆ. ಇಳಿಯುವವರು ನಮಸ್ಕರಿಸಿ ಮುಂದೆ ಸಾಗುತ್ತಾರೆ. ಏರುವುದೊಂದೇ ಭಕ್ತಿಯಾಗಿದ್ದರೆ ಅವನಿಗೆ ಅಲ್ಲಿ ಪೂಜೆ ಸಲ್ಲುತ್ತಿರಲಿಲ್ಲ. ತಾನಿರುವ ಮೆಟ್ಟಿಲಿನಲ್ಲಿಯೇ ಶಿವನೊಡನಿರುವವನಿಗೆ ಶಿಖರವು ದೂರವಲ್ಲ.

ಕಂಬವು ಅಲುಗಬಹುದು, ಗೋಡೆಯು ಬಿರುಕುಬಿಡಬಹುದು. ಅದಕ್ಕೆ ಮದ್ದನ್ನು ಮಾಡಬೇಕು, ಆಸರೆಯನ್ನು ಕೊಡಬೇಕು, ಅಳುವವರನ್ನು ಅಳಗೊಡಬೇಕು. ಒಳಗಿನ ಅರಿವು ಇಂದಿನದನ್ನು ಇಂದಿನ ಅಳತೆಯಲ್ಲಿ ಆಯ್ದುಕೊಂಡು ನಡೆಯುತ್ತಿರುವವರೆಗೆ ಆ ದೇಗುಲದಲ್ಲಿ ದೀಪವು ಉರಿಯುತ್ತಲೇ ಇರುತ್ತದೆ. ಅಂಥ ದೀಪವನ್ನು ಹೊತ್ತವರ ಮನೆಗಳಲ್ಲಿ ದಯೆಯು ಎಣ್ಣೆಯಾಗಲಿ, ಸಹನೆಯು ಬತ್ತಿಯಾಗಲಿ.